ಮಾರಿಸ್ ಟ್ರಾವೆಲರ್‌ನ ಮರ: ನೀರು ಎಲ್ಲಿ ನಿಲ್ಲುತ್ತದೆ, ಮೊದಲು ಅದನ್ನು ನೋಡಿ

ಮಾರಿಸ್ ಮೈನರ್ ಎಂಬ ಹಳೆಯ ಬ್ರಿಟಿಷ್ ಕಾರಿನ ಎಸ್ಟೇಟ್ ಮಾದರಿ, ಅಂದರೆ ಹಿಂದೆ ಸಾಮಾನಿಗೆ ಉದ್ದ ಜಾಗವಿರುವುದು, ಟ್ರಾವೆಲರ್. ಅದರ ಬೆನ್ನಿನ ಮೇಲೆ ಕಾಣುವ ಮರದ ಚೌಕಟ್ಟೇ ಆ ಕಾರಿನ ಹಿಂಭಾಗವನ್ನು ಹೊತ್ತು ನಿಂತಿದೆ. ಮುಂದಿನ ಬಾಗಿಲುಗಳವರೆಗೆ ಅದು ಉಕ್ಕಿನ ಮೈನರ್. ಅಲ್ಲಿಂದ ಹಿಂದಕ್ಕೆ ಆ್ಯಶ್ ಮರದ ತೊಲೆ, ಕಂಬಗಳು, ಅವುಗಳ ನಡುವೆ ಅಲ್ಯೂಮಿನಿಯಂ ಹಾಳೆ, ಮೇಲೆ ಅಲ್ಯೂಮಿನಿಯಂ ಚಾವಣಿ. ಮರ ತೆಗೆದರೆ ಚಾವಣಿಗೆ ಆಧಾರವಿಲ್ಲ, ಹಿಂದಿನ ಬಾಗಿಲುಗಳಿಗೆ ಕೀಲು ಹಾಕುವ ಜಾಗವಿಲ್ಲ, ಮುಂದಿನ ಬಾಗಿಲು ಮುಚ್ಚಿ ಕೂರುವ ಕಂಬವೂ ಇಲ್ಲ. 1960ರಲ್ಲಿ ಬಂದ ಮಿನಿ ಟ್ರಾವೆಲರ್ ಇದಕ್ಕೆ ಪೂರ್ತಿ ವಿರುದ್ಧ: ಅದರ ಮರ ಉಕ್ಕಿನ ಮೈಮೇಲೆ ಅಂಟಿಸಿದ ಪಟ್ಟಿ, ಕಿತ್ತು ಹಾಕಿದರೂ ಕಾರು ಹಾಗೇ ಓಡುತ್ತದೆ. ಮೈನರ್‌ನಲ್ಲಿ ಕುಂಬಾದ ಕೆಳತೊಲೆ ಎಂದರೆ ತುಕ್ಕು ತಿಂದ ಚಾಸಿಸ್ ಇದ್ದಂತೆ. ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಬ್ರಿಟನ್ನಿನ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಇದೇ ಕಾರಣಕ್ಕೆ ಫೇಲ್ ಮಾಡುತ್ತಾರೆ, ಮಾಡುವುದು ಸರಿಯೂ ಹೌದು.

1953ರಿಂದ 1971ರವರೆಗೆ ಈ ಕಾರು ತಯಾರಾಯಿತು. ಎಂಜಿನ್ ಮೊದಲು 803 ಸಿಸಿ, 1956ರಿಂದ 948, 1962ರಿಂದ 1098. ಮರದ ಕೆಲಸದ ಮಟ್ಟಿಗೆ ಈ ವರ್ಷಗಳಿಂದ ಹೆಚ್ಚು ವ್ಯತ್ಯಾಸವಿಲ್ಲ. ಬ್ರೇಕ್, ಎಂಜಿನ್ ವಿಚಾರಕ್ಕೆ ಬಂದಾಗ ಬಹಳ ಇದೆ.

ಮೊದಲು ಪರೀಕ್ಷೆ. ಬೇಕಾದ್ದು ಒಂದು ದಬ್ಬಳ, ಒಂದು ಟಾರ್ಚ್, ಸಾಧ್ಯವಾದರೆ ಒಂದು ತೇವಮಾಪಕ. ಎದ್ದು ಕಾಣುವ ಹೊರಮೈಯನ್ನು ಚುಚ್ಚಿ ಪ್ರಯೋಜನವಿಲ್ಲ, ಅದು ಕೊನೆಗೆ ಹಾಳಾಗುವ ಜಾಗ. ಕಾರಿನ ಕೆಳಗೆ ಮಲಗಿ ಕೆಳತೊಲೆಯ ಅಡಿಮೈ ಚುಚ್ಚಿ. ಆಮೇಲೆ ಹಿಂದಿನ ಮೂಲೆಗಂಬಗಳ ಬುಡ, ವೀಲ್ ಆರ್ಚ್ ಮೇಲೆ ಮರ ಕೂರುವ ಗೆರೆ, ಹಿಂದಿನ ಬಾಗಿಲುಗಳ ಕೆಳಪಟ್ಟಿ. ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಜಾಗ್ರತೆಯಿಂದ, ಜಾರುವ ಕಿಟಕಿಗಳ ಕೆಳಗಿನ ನಡುತೊಲೆ. ದಬ್ಬಳ 2–3 ಮಿ.ಮೀ. ಹೋಗಿ ಗಟ್ಟಿಯಾಗಿ ನಿಂತರೆ ಮರ ಚೆನ್ನಾಗಿದೆ. ಬೆಣ್ಣೆಗೆ ಇಳಿದಂತೆ ಇಳಿದರೆ, ಅಥವಾ ಮೀಟಿದಾಗ ಉದ್ದ ಸೀಳು ಏಳುವ ಬದಲು ತುಂಡು ತುಂಡಾಗಿ ಪುಡಿಯಾದರೆ, ಅದು ಕುಂಬು. ತೇವಮಾಪಕ 20 ಶೇಕಡಾಕ್ಕಿಂತ ಮೇಲೆ ತೋರಿಸುತ್ತಿದ್ದರೆ ಮರ ಇನ್ನೂ ಗಟ್ಟಿಯಿದ್ದರೂ ಶಿಲೀಂಧ್ರಕ್ಕೆ ಬೇಕಾದ ತೇವ ಒಳಗೆ ಸೇರಿಯಾಗಿದೆ.

ಸೇರುವೆಗಳ ಸುತ್ತ ಕಪ್ಪು ಕಲೆ ಕಂಡರೆ ಎರಡು ಅರ್ಥ. ಒಂದು, ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಬಣ್ಣ ಬಿಟ್ಟಿರುವುದು, ಮರ ಗಟ್ಟಿಯಿರಬಹುದು. ಇನ್ನೊಂದು, ಸೇರುವೆಯ ಅಂಟು ಬಿಟ್ಟು ನೀರು ಒಳಗಿಳಿದಿರುವುದು. ಯಾವುದು ಎಂದು ತಿಳಿಯಲು ಹಿಂದಿನ ಬಾಗಿಲು ತೆರೆದು ಚಾವಣಿಯ ಮೂಲೆ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಇನ್ನೊಬ್ಬರು ಸೇರುವೆಯ ಮೇಲೆ ಬೆರಳಿಟ್ಟು ನೋಡಲಿ. ಬೆರಳಿಗೆ ಚಲನೆ ಗೊತ್ತಾದರೆ ಆ ಸೇರುವೆ ಸತ್ತಿದೆ. ಹಿಂದಿನ ಎರಡು ಬಾಗಿಲುಗಳ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಅಥವಾ ತಿರುಗುಮುರುಗಾಗಿದ್ದರೆ, ಚೌಕಟ್ಟು ಓರೆಯಾಗಿದೆ. ಬಾಗಿಲನ್ನು ಉಜ್ಜಿ ಸರಿಮಾಡಲು ಹೋಗಬೇಡಿ.

ಕಾರು ಕೊಳ್ಳುವವರಿಗೆ ಒಂದು ಮಾತು: ಹೊಸದಾಗಿ ದಪ್ಪ ವಾರ್ನಿಶ್ ಬಳಿದು ಮಿರುಗುವ ಟ್ರಾವೆಲರ್‌ಗಿಂತ, ಬೂದುಬಣ್ಣಕ್ಕೆ ತಿರುಗಿ ಒಣಗಿ ನಿಂತ ಮರದ ಕಾರು ಎಷ್ಟೋ ಪ್ರಾಮಾಣಿಕ. ವಾರ್ನಿಶ್‌ನಡಿ ಮರದ ಬಣ್ಣದ ಪುಟ್ಟಿ, ಕೆಲವೊಮ್ಮೆ ಮೈಗೆ ಹಾಕುವ ಪಾಲಿಯೆಸ್ಟರ್ ಫಿಲ್ಲರ್ ಕೂಡ ಅಡಗಿರುತ್ತದೆ. ಮರ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಫಿಲ್ಲರ್ ಹಾಗೆ ಮಾಡುವುದಿಲ್ಲ. ಒಂದೇ ಚಳಿಗಾಲದಲ್ಲಿ ಅಂಚು ಬಿಟ್ಟು, ಆ ಸಂದಿನಿಂದ ನೀರು ಒಳಗೆ ಹೋಗಿ ಹೊರಬರಲಾಗದೆ ಕೂರುತ್ತದೆ. ಎಳೆಯ ಸಾಲುಗಳನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಅವು ಎಲ್ಲೋ ಹಠಾತ್ತನೆ ನಿಂತು ನುಣುಪಾದ ತೇಪೆ ಬಂದರೆ ಅಲ್ಲಿ ಚುಚ್ಚಿ ನೋಡಲು ಮಾರುವವರನ್ನು ಕೇಳಿ.

ಈ ಮರ ಹಾಳಾಗುವ ಬಗೆಯನ್ನು ಒಮ್ಮೆ ಅರ್ಥಮಾಡಿಕೊಂಡರೆ ಮುಂದಿನ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಆ್ಯಶ್ ಗಟ್ಟಿ, ಹೊಡೆತ ತಾಳುತ್ತದೆ, ಬಾಗಿ ಮತ್ತೆ ನೆಟ್ಟಗಾಗುತ್ತದೆ; ಗಾಡಿಯ ಚಕ್ರ, ಕೊಡಲಿಯ ಹಿಡಿಗೆ ಇಂಗ್ಲೆಂಡಿನಲ್ಲಿ ಅದನ್ನೇ ಬಳಸುತ್ತಿದ್ದರು. ಆದರೆ ತೇಗದಂತೆ ಅದಕ್ಕೆ ತನ್ನದೇ ಎಣ್ಣೆಯ ರಕ್ಷಣೆ ಇಲ್ಲ. ತೇವದಲ್ಲಿ ಬಿಟ್ಟರೆ ಬಹು ಬೇಗ ಕುಂಬಾಗುವ ಮರಗಳ ಸಾಲಿಗೆ ಸೇರಿದ್ದು. ಅದರ ಎಳೆಗಳು ಸಣ್ಣ ಕೊಳವೆಗಳ ಕಟ್ಟಿನಂತೆ; ಬದಿಯಿಂದ ನೀರು ಕುಡಿಯುವುದು ನಿಧಾನ, ಅಡ್ಡ ಕೊಯ್ದ ತುದಿಯಿಂದ ಗಟಗಟ. ಟ್ರಾವೆಲರ್‌ನ ಪ್ರತಿ ಸೇರುವೆಯಲ್ಲೂ ಅಂಥ ಒಂದು ತುದಿ ಅಡಗಿದೆ. ಕಿಟಕಿಗಳ ಗಾಜು ಜಾರುವ ಓಣಿಯಲ್ಲಿ ಮಳೆನೀರು ಸದಾ ನಿಲ್ಲುತ್ತದೆ. ಓಣಿಯ ನೀರಿಳಿಯುವ ತೂತುಗಳು ಧೂಳು, ಎಲೆಪುಡಿಯಿಂದ ಕಟ್ಟಿಕೊಂಡರೆ ಅದರಲ್ಲಿ ಪಾಚಿ ಬೆಳೆಯುತ್ತದೆ, ಮತ್ತು ಪಾಚಿ ತೇವವನ್ನು ಹತ್ತಿಯಂತೆ ಹಿಡಿದಿಡುತ್ತದೆ. ಬ್ರಿಟನ್ನಿನಲ್ಲಿ ಹೊರಗೆ ನಿಂತ ಟ್ರಾವೆಲರ್‌ಗಳ ಕಿಟಕಿಯಂಚಿನ ಹಸಿರು ನೋಡಲು ಚೆಂದ. ಅದರ ಕೆಳಗಿನ ನಡುತೊಲೆಗೆ ಅದೇ ಮೃತ್ಯು.

ಕೆಲಸಕ್ಕೆ ಇಳಿಯುವಾಗ ಕ್ರಮ ಮುಖ್ಯ: ಉಕ್ಕು ಮೊದಲು, ಮರ ಆಮೇಲೆ, ಬಣ್ಣ ಕೊನೆಗೆ. ಸುಂದರವಾದ ಹೊಸ ಮರವನ್ನು ತುಕ್ಕು ಹಿಡಿದ ಅಂಚಿನ ಮೇಲೆ ಕೂರಿಸಿ, ಎರಡು ವರ್ಷದ ಬಳಿಕ ಬೆಸುಗೆಗಾಗಿ ಮತ್ತೆ ಎಲ್ಲ ಬಿಚ್ಚಬೇಕಾಗಿ ಬರುವುದು ಈ ಕಾರುಗಳಲ್ಲಿ ಪದೇಪದೇ ನಡೆಯುವ ತಪ್ಪು. ಮರದ ಪಕ್ಕದಲ್ಲಿ ಬೆಸುಗೆ ಹಾಕುವಂತೆಯೂ ಇಲ್ಲ. ವಾರ್ನಿಶ್ ಹೊತ್ತಿಕೊಳ್ಳುತ್ತದೆ, ಸೇರುವೆಯ ಒಳಗೆ ಕಿಡಿ ಗಂಟೆಗಟ್ಟಲೆ ಹೊಗೆಯಾಡುತ್ತದೆ.

ಬಿಚ್ಚುವ ಮುನ್ನ ಕಾರನ್ನು ಸಮತಟ್ಟಾದ ನೆಲದಲ್ಲಿ, ಮೈ ಜೋತುಬೀಳದಂತೆ ಆಧಾರ ಕೊಟ್ಟು, ರಸಮಟ್ಟ ಹಿಡಿದು ನಿಲ್ಲಿಸಿ. ಹಿಂದಿನ ಬಾಗಿಲಿನ ತೆರಪಿನ ಎರಡು ಕರ್ಣಗಳನ್ನು ಅಳೆದು ಬರೆದಿಡಿ. ಮುಂದಿನ ಬಾಗಿಲಿನ ಸುತ್ತಲ ಸಂದು, ಚಾವಣಿಯಿಂದ ನೆಲದವರೆಗಿನ ಎತ್ತರವನ್ನು ಎರಡೂ ಬದಿ ನಾಲ್ಕೈದು ಕಡೆ ಅಳೆಯಿರಿ. ಮುಂದಿನ ಬಾಗಿಲಿನ ತೆರಪಿಗೆ ಒಳಗಿನಿಂದ ಕಬ್ಬಿಣದ ಪಟ್ಟಿಯ ಅಡ್ಡಾಧಾರ ಬಿಗಿಯಿರಿ. ಚಾವಣಿಯನ್ನು ಒಳಗಿನಿಂದ ಹಲಗೆ, ಕಂಬ ಕೊಟ್ಟು ಎತ್ತಿ ಹಿಡಿದು, ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಇನ್ನೊಂದು ಬದಿ ನಿಮ್ಮ ಅಳತೆಗೋಲು, ನಿಮ್ಮ ನಕ್ಷೆ. ಎರಡೂ ಬದಿ ಒಟ್ಟಿಗೆ ಬಿಚ್ಚಿದವರು ಚಾವಣಿಯ ಎತ್ತರ ತಪ್ಪಿಸಿಕೊಂಡು, ಮಳೆಗಾಲುವೆ ಸರಿಯಾಗಿ ಕೂರದೆ, ಕೊನೆಗೆ ಸೋರುವ ಕಾರಿನೊಂದಿಗೆ ಉಳಿಯುತ್ತಾರೆ.

ಒಳಗಿನ ಹೊದಿಕೆ, ಗಾಜು, ಕಿಟಕಿಯ ಓಣಿ, ಹಿಂದಿನ ಬಾಗಿಲು, ಬಂಪರ್, ಹಿಂದಿನ ಮಡ್‌ಗಾರ್ಡ್, ಆಮೇಲೆ ಚೌಕಟ್ಟು, ಈ ಅನುಕ್ರಮದಲ್ಲಿ ಹೋಗಿ. ತುಕ್ಕು ಹಿಡಿದ ಸ್ಕ್ರೂ ತಿರುಗದಿದ್ದರೆ ತಲೆಯನ್ನು ಡ್ರಿಲ್‌ನಿಂದ ತೆಗೆದು ಮರವನ್ನು ಮೇಲೆತ್ತಿ, ಉಳಿದ ಕಾಂಡವನ್ನು ಆಮೇಲೆ ಇಕ್ಕಳದಿಂದ ತೆಗೆಯಿರಿ. ತೆಗೆದ ಮರ ಎಷ್ಟೇ ಕುಂಬಾಗಿದ್ದರೂ ಕಾರು ಓಡುವ ತನಕ ಎಸೆಯಬೇಡಿ. ಪ್ರತಿ ತೂತು, ಪ್ರತಿ ಕಚ್ಚು ಅದರಲ್ಲಿದೆ. ಅಲ್ಯೂಮಿನಿಯಂ ಹಾಳೆಗಳು ಬಹುತೇಕ ಮತ್ತೆ ಬಳಕೆಗೆ ಬರುತ್ತವೆ; ಮೊಳೆ ಕೀಳುವಾಗ ಅಂಚು ಸುಕ್ಕಾಗದಂತೆ ಅಗಲ ಉಳಿಯಿಂದ ನಿಧಾನಕ್ಕೆ ಎತ್ತಿ.

ಮರ ಎದ್ದ ಕೂಡಲೇ ನೆಲದ ಅಂಚು, ವೀಲ್ ಆರ್ಚಿನ ಮಡಿಕೆ, ಹಿಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳು ಬಯಲಾಗುತ್ತವೆ. ಮುಂದೆ ಒಳಸಿಲ್ (ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಉಕ್ಕಿನ ಅಂಚು), ಜಾಕ್ ಕೊಡುವ ಜಾಗ, ಮತ್ತು ಅಡ್ಡ ಹಾಯುವ ಕ್ರಾಸ್‌ಮೆಂಬರ್. ಮುಂದಿನ ಸಸ್ಪೆನ್ಷನ್‌ನ ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳುಗಳ) ಹಿಂತುದಿ ಕಚ್ಚಿ ನಿಲ್ಲುವುದು ಆ ಕ್ರಾಸ್‌ಮೆಂಬರ್‌ನಲ್ಲೇ, ಹಾಗಾಗಿ ಅಲ್ಲಿ ತೇಪೆಯ ಮೇಲೆ ತೇಪೆ ಸಲ್ಲದು. ನೆಲಕ್ಕೆ 1.2 ಮಿ.ಮೀ. ಹಾಳೆ, ಭಾರ ಹೊರುವ ಚಾಸಿಸ್ ಕಾಲುಗಳಿಗೆ 1.6 ಮಿ.ಮೀ. ಸಾಕು. ಪೆಟ್ರೋಲ್ ಟ್ಯಾಂಕ್ ಹಿಂದಿನ ನೆಲದ ಕೆಳಗೇ ಇದೆ. ಬೆಸುಗೆಗೆ ಮುನ್ನ ಅದನ್ನು ಕಾರಿನಿಂದ ಇಳಿಸಿ ದೂರ ಇಡಿ. ಬೆಸುಗೆಯಾದ ಮೇಲೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಟೊಳ್ಳುಗಳಿಗೆ ಮೇಣ. ಮರ ಕೂರುವ ಮೇಲ್ಮೈಗೆ ಬಣ್ಣದ ಕೊನೆಯ ಪದರದವರೆಗೂ ಬಳಿದು ಮುಗಿಸಿಬಿಡಿ, ಆಮೇಲೆ ಅಲ್ಲಿಗೆ ಕುಂಚ ಹೋಗುವುದಿಲ್ಲ.

ಇನ್ನು ಮರ. ಪೂರ್ತಿ ಬದಿಯನ್ನೇ ಕೊಯ್ದು ಜೋಡಿಸಿ ಕೊಡುವವರು ಬ್ರಿಟನ್ನಿನಲ್ಲಿ ಇದ್ದಾರೆ. ಬಿಡಿ ತುಂಡುಗಳೂ ಸಿಗುತ್ತವೆ. ಒಂದು ಬದಿಯಲ್ಲಿ ಮೂರಕ್ಕಿಂತ ಹೆಚ್ಚು ತುಂಡು ಕೆಟ್ಟಿದ್ದರೆ ಪೂರ್ತಿ ಬದಿ ಕೊಳ್ಳುವುದೇ ಸರಿ. ಹಳೆಯದರ ಸವೆದ ಸೇರುವೆಗೆ ಹೊಸದರ ಬಿಗಿ ಸೇರುವೆ ಹೊಂದಿಸುವ ಹೊತ್ತಿನಲ್ಲಿ ಇಡೀ ಬದಿ ಕೂರಿಸಿ ಮುಗಿಸಬಹುದು. ನೀವೇ ಕೊಯ್ಯುವುದಾದರೆ ನೇರ ಎಳೆಯ, ಗಂಟಿಲ್ಲದ, 12 ಶೇಕಡಾ ಆಸುಪಾಸಿಗೆ ಒಣಗಿಸಿದ ಹಲಗೆ ಆರಿಸಿ. ಬಾಗಿದ ತುಂಡುಗಳಲ್ಲಿ ಎಳೆ ಅಡ್ಡ ಹಾಯ್ದು ಹೋಗುವ ಜಾಗವೇ ಮೊದಲು ಸೀಳುವುದು, ಆದ್ದರಿಂದ ಅಚ್ಚನ್ನು ಹಲಗೆಯ ಮೇಲೆ ತಿರುಗಿಸಿ ತಿರುಗಿಸಿ ಎಳೆ ಹೆಚ್ಚು ಉದ್ದಕ್ಕೆ ಬರುವಂತೆ ಗುರುತು ಹಾಕಿ. ಬ್ರಿಟನ್ನಿನಲ್ಲಿ 2012ರಲ್ಲಿ ಮೊದಲು ಪತ್ತೆಯಾದ ಆ್ಯಶ್ ಡೈಬ್ಯಾಕ್ ರೋಗ ಅಲ್ಲಿನ ಮರಗಳನ್ನು ಒಂದೊಂದಾಗಿ ಕೊಲ್ಲುತ್ತಿದೆ. ಒಳ್ಳೆಯ ಆ್ಯಶ್ ಹಲಗೆ ಕೈಗೆ ಸಿಕ್ಕಾಗ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಲು ಇದೂ ಒಂದು ಕಾರಣ.

ತುಂಡು ಬದಲಿಸದೆ ತುದಿ ಮಾತ್ರ ಹೊಸದು ಸೇರಿಸುವುದಾದರೆ ಓರೆ ಸೇರುವೆ ಮಾಡಿ: ಮರದ ದಪ್ಪ 30 ಮಿ.ಮೀ. ಇದ್ದರೆ ಓರೆಯ ಉದ್ದ ಕನಿಷ್ಠ 240 ಮಿ.ಮೀ., ಅಂದರೆ ಎಂಟಕ್ಕೆ ಒಂದು. ಕುಂಬು ಕಣ್ಣಿಗೆ ಕಾಣುವ ಗಡಿಯಿಂದ ಇನ್ನೂ 100 ಮಿ.ಮೀ. ಆಚೆಗೆ ಕೊಯ್ಯಿರಿ, ಶಿಲೀಂಧ್ರದ ಎಳೆ ಬಣ್ಣ ಬದಲಾಗುವ ಮುಂಚೆಯೇ ಮುಂದೆ ಹೋಗಿರುತ್ತದೆ. ನಡುತೊಲೆಗೆ, ಚಾವಣಿಯಡಿಯ ಮೇಲ್ತೊಲೆಗೆ ಈ ಉಪಾಯ ಸರಿ. ಕೆಳತೊಲೆಗೂ ಮೂಲೆಗಂಬಕ್ಕೂ ಬೇಡ, ಅಲ್ಲಿ ಪೂರ್ತಿ ತುಂಡೇ ಬದಲಾಗಲಿ.

ಅಂಟಿಲ್ಲದೆ, ಬೋಲ್ಟ್ ಸಡಿಲವಾಗಿಟ್ಟು, ಇಡೀ ಬದಿಯನ್ನು ಕಾರಿನ ಮೇಲೆ ಕೂರಿಸಿ ನೋಡಿ. ಹಿಂದಿನ ಬಾಗಿಲುಗಳನ್ನೂ ಈ ಹಂತದಲ್ಲೇ ನೇತುಹಾಕಬೇಕು. ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಸಮ ಬರುವ ತನಕ ಕೆಳತೊಲೆಯಡಿ ತೆಳು ಪಟ್ಟಿ ಕೊಡುತ್ತಾ, ಕರ್ಣಗಳನ್ನು ಮತ್ತೆ ಮತ್ತೆ ಅಳೆಯುತ್ತಾ ಹೋಗಿ. ಎಲ್ಲ ಬೋಲ್ಟ್ ಬಿಗಿದು, ವಾರ್ನಿಶ್ ಬಳಿದು, ಕೊನೆಗೆ ಬಾಗಿಲು ತಂದು ನೋಡಿದರೆ ಅದು ಕೂರುವುದಿಲ್ಲ. ಈ ಒಂದು ಹಂತಕ್ಕೆ ಎರಡು ದಿನ ಕೊಟ್ಟರೂ ನಷ್ಟವಿಲ್ಲ.

ಹೊಂದಿದ ಮೇಲೆ ಬಿಚ್ಚಿ, ತೂತುಗಳನ್ನೆಲ್ಲ ಕೊರೆದು ಮುಗಿಸಿ, ಆಮೇಲೆ ಮರರಕ್ಷಕ ದ್ರವ. ಶಿಲೀಂಧ್ರನಾಶಕವಿರುವ, ಬಣ್ಣವಿಲ್ಲದ, ಮೇಣ ಸೇರದ ದ್ರವವೇ ಬೇಕು; ಮೇಣವಿದ್ದರೆ ಅದರ ಮೇಲೆ ಅಂಟೂ ಹಿಡಿಯದು, ವಾರ್ನಿಶ್ಶೂ ಹಿಡಿಯದು. ಕುಂಚದಿಂದ ಸವರಿದರೆ ಒಂದೆರಡು ಮಿ.ಮೀ. ಸಹ ಇಳಿಯುವುದಿಲ್ಲ. ಆಳವಿಲ್ಲದ ತಟ್ಟೆಯಲ್ಲಿ ದ್ರವ ಹಾಕಿ, ಪ್ರತಿ ತುಂಡಿನ ಅಡ್ಡ ಕೊಯ್ದ ತುದಿಯನ್ನು ಅದರಲ್ಲಿ 24 ಗಂಟೆ ನಿಲ್ಲಿಸಿ. ಎಳೆಗಳೇ ಅದನ್ನು ಮೇಲಕ್ಕೆ ಹೀರುತ್ತವೆ. ಸ್ಕ್ರೂ ತೂತುಗಳಿಗೆ ಸಿರಿಂಜಿನಿಂದ ಬಿಡಿ. ನಂತರ ಗಾಳಿಯಾಡುವ ಕಡೆ ಕನಿಷ್ಠ ಒಂದು ವಾರ, ವಾಸನೆ ಪೂರ್ತಿ ಹೋಗುವವರೆಗೆ ಒಣಗಲಿ. ಅಂಟು ಹಾಕುವ ಮುಖಗಳನ್ನು 80ರ ಸ್ಯಾಂಡ್‌ಪೇಪರಿನಿಂದ ಹೊಸದಾಗಿ ಕೆರೆದುಕೊಳ್ಳಿ.

ಅಂಟಿಗೆ ಎಪಾಕ್ಸಿ ನನ್ನ ಆಯ್ಕೆ. ಸೇರುವೆಯಲ್ಲಿ ಅರ್ಧ ಮಿ.ಮೀ. ಸಂದಿದ್ದರೂ ತುಂಬಿ ಗಟ್ಟಿಯಾಗುತ್ತದೆ. ಮೊದಲು ದಪ್ಪ ಮಾಡದ ಎಪಾಕ್ಸಿಯನ್ನು ಎರಡೂ ಮುಖಕ್ಕೆ ಸವರಿ, ಅಡ್ಡ ತುದಿ ಅದನ್ನು ಕುಡಿಯಲು ಹತ್ತು ನಿಮಿಷ ಬಿಟ್ಟು, ಆಮೇಲೆ ದಪ್ಪ ಮಾಡಿದ್ದನ್ನು ಹಚ್ಚಿ ಜೋಡಿಸಿ. ಕ್ಲಾಂಪ್ ಹದವಾಗಿ ಬಿಗಿದರೆ ಸಾಕು. ಜೋರಾಗಿ ಹಿಂಡಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯದು. ನೊರೆಯುಕ್ಕುವ ಪಾಲಿಯುರಿಥೇನ್ ಅಂಟು ಬಿಗಿ ಸೇರುವೆಗೆ ಚೆನ್ನ, ಆದರೆ ಸಂದಿನಲ್ಲಿ ತುಂಬಿಕೊಂಡ ಅದರ ನೊರೆಗೆ ಬಲವಿಲ್ಲ. ಮನೆಯೊಳಗಿನ ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟನ್ನು ಈ ಕಾರಿನ ಹತ್ತಿರ ತರಬೇಡಿ.

ಹಳೆಯ ಮರ ಉಳಿಸಿಕೊಂಡಿದ್ದು ಕಬ್ಬಿಣದ ಕಪ್ಪು ಕಲೆಗಳಿದ್ದರೆ, ಹಳೆ ವಾರ್ನಿಶ್ ತೆಗೆದ ಮೇಲೆ ಆಕ್ಸಾಲಿಕ್ ಆಮ್ಲ ಒಳ್ಳೆಯ ಕೆಲಸ ಮಾಡುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ. ಕಲೆಯಷ್ಟೇ ಜಾಗಕ್ಕೆ ಹಚ್ಚದೆ ಇಡೀ ತುಂಡಿಗೆ ಹಚ್ಚಿ, ಇಲ್ಲವಾದರೆ ಬಿಳಿ ಮಚ್ಚೆ ಉಳಿಯುತ್ತದೆ. ಅದು ವಿಷ, ಕೈಗವಸು, ಕನ್ನಡಕ ಬೇಕು. ಚೆನ್ನಾಗಿ ತೊಳೆಯದೆ ಒಣಗಿಸಿ ಉಜ್ಜಿದರೆ ಏಳುವ ಧೂಳು ಶ್ವಾಸಕ್ಕೆ ಕೆಟ್ಟದ್ದು.

ಮೇಲಿನ ಲೇಪದ ವಿಚಾರದಲ್ಲಿ ಟ್ರಾವೆಲರ್ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಒಂದಕ್ಕೆ ದೋಣಿಗಳಿಗೆ ಬಳಿಯುವ ವಾರ್ನಿಶ್ ಬೇಕು, ಇನ್ನೊಂದಕ್ಕೆ ತೇವ ಹೊರಬಿಡುವ, ತೆಳುಬಣ್ಣದ ವುಡ್‌ಸ್ಟೇನ್. ರಾತ್ರಿ ಸೂರಿನಡಿ ನಿಲ್ಲುವ ಕಾರಿಗೆ ವಾರ್ನಿಶ್ ಆಳವಾದ ಹೊಳಪು ಕೊಡುತ್ತದೆ, ಆ್ಯಶ್‌ನ ಎಳೆ ಜೇನಿನೊಳಗೆ ಕಂಡಂತೆ ಕಾಣುತ್ತದೆ. ವರ್ಷವಿಡೀ ಹೊರಗೆ ನಿಲ್ಲುವ ಕಾರಿಗೆ ವುಡ್‌ಸ್ಟೇನ್ ಸರಿ. ಸವೆದಾಗ ಸಿಪ್ಪೆಯೇಳದೆ ಮಂಕಾಗುತ್ತದೆ, ತೊಳೆದು ಒಂದು ಪದರ ಬಳಿದರೆ ಮುಗಿಯಿತು. ಸ್ಪಷ್ಟ ವಾರ್ನಿಶ್ ಕೊಂಡರೆ ಅತಿನೇರಳೆ ತಡೆ ಇರುವುದನ್ನೇ ಕೊಳ್ಳಿ. ಬಿಸಿಲು ವಾರ್ನಿಶ್ ದಾಟಿ ಮರದ ಮೇಲ್ಪದರದ ಲಿಗ್ನಿನ್ ಒಡೆದರೆ, ವಾರ್ನಿಶ್ ಚೆನ್ನಾಗಿದ್ದರೂ ಹಿಡಿಯಲು ಕೆಳಗೆ ಏನೂ ಇರದೆ ಹಾಳೆಯಾಗಿ ಏಳುತ್ತದೆ. ಕಚ್ಚಾ ಅಗಸೆ ಎಣ್ಣೆ ಮಾತ್ರ ಬೇಡವೇ ಬೇಡ. ತೇವದ ಹವೆಯಲ್ಲಿ ಬೂಷ್ಟು ಅದನ್ನೇ ತಿಂದು ಮರವನ್ನು ಕಪ್ಪು ಮಾಡುತ್ತದೆ.

ವಾರ್ನಿಶ್ ಮಾಡುವುದಾದರೆ ಮೊದಲು ಎಲ್ಲ ಚೂಪು ಅಂಚುಗಳನ್ನು 2–3 ಮಿ.ಮೀ. ಗುಂಡಗೆ ಮಾಡಿ. ಚೂಪು ಅಂಚಿನ ಮೇಲೆ ದ್ರವ ಹಿಂದೆ ಸರಿದು ಪದರ ತೆಳುವಾಗುತ್ತದೆ, ಬಿರುಕು ಅಲ್ಲಿಂದಲೇ ಶುರು. 80, 120, 180 ಹೀಗೆ ಉಜ್ಜಿ ಅಲ್ಲಿಗೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಮೊದಲ ಪದರ ಒಳಗಿಳಿಯುವುದಿಲ್ಲ. ಮೊದಲ ಪದರಕ್ಕೆ ಅರ್ಧಕ್ಕರ್ಧ ತಿನ್ನರ್, ಎರಡನೆಯದಕ್ಕೆ ಕಾಲು ಭಾಗ, ಮೂರನೆಯದಕ್ಕೆ ಹತ್ತರಲ್ಲೊಂದು, ಆಮೇಲೆ ನಾಲ್ಕು ಪದರ ಹಾಗೇ. ನಡುನಡುವೆ 240ರಿಂದ ಹಗುರ ಉಜ್ಜು. ಕಣ್ಣಿಗೆ ಕಾಣದ ಹಿಂಬದಿಗೂ ಅಡಿಮೈಗೂ ಕನಿಷ್ಠ ನಾಲ್ಕು ಪದರ ಹೋಗಬೇಕು. ಹೊರಗೆ ಏಳು ಪದರ ಬಳಿದು ಒಳಗೆ ಬರಿ ಮರ ಬಿಟ್ಟರೆ ತೇವ ಹಿಂದಿನಿಂದ ಬಂದು ಹೊರಗಿನ ವಾರ್ನಿಶ್ಶನ್ನೇ ದೂಡಿ ಎಬ್ಬಿಸುತ್ತದೆ.

ಕೂರಿಸುವಾಗ ಮರಕ್ಕೂ ಉಕ್ಕಿಗೂ ನಡುವೆ ಎಂದೂ ಗಟ್ಟಿಯಾಗದ ಬ್ಯುಟೈಲ್ ಮಾಸ್ಟಿಕ್ ಹಾಕಿ. ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಮತ್ತೆಂದೂ ಅದರ ಮೇಲೆ ಲೇಪ ಹಿಡಿಯುವುದಿಲ್ಲ. ಬೋಲ್ಟು, ಸ್ಕ್ರೂ ಸ್ಟೇನ್‌ಲೆಸ್ ಉಕ್ಕಿನವು. ಅವು ಅಲ್ಯೂಮಿನಿಯಂ ಮುಟ್ಟುವ ಕಡೆ ಡ್ಯೂರಲ್ಯಾಕ್‌ನಂಥ ಲೇಪ ಹಚ್ಚಿ; ಎರಡು ಲೋಹ, ನಡುವೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ಮತ್ತು ಚಳಿಗಾಲದ ಬ್ರಿಟಿಷ್ ರಸ್ತೆಗಳಲ್ಲಿ ಉಪ್ಪಿಗೆ ಬರವಿಲ್ಲ. ಆ್ಯಶ್ ಸುಲಭವಾಗಿ ಸೀಳುತ್ತದೆ, ಪ್ರತಿ ಸ್ಕ್ರೂಗೂ ಮೊದಲು ತೂತು ಕೊರೆಯಿರಿ. ಹಿತ್ತಾಳೆ ಸ್ಕ್ರೂ ಬಳಸುವಲ್ಲಿ ಅದೇ ಅಳತೆಯ ಉಕ್ಕಿನದನ್ನು ಒಮ್ಮೆ ಹಾಕಿ ತೆಗೆದು ದಾರಿ ಮಾಡಿಕೊಳ್ಳಿ, ಇಲ್ಲವಾದರೆ ತಲೆ ಮುರಿದು ಕೈಗೆ ಬರುತ್ತದೆ.

ಕಿಟಕಿಯ ಓಣಿಯನ್ನು ಮಾಸ್ಟಿಕ್ ಮೇಲೆ ಕೂರಿಸಿ, ತೂತುಗಳಲ್ಲಿ ತಂತಿ ಆಡಿಸಿ, ಒಂದು ಲೋಟ ನೀರನ್ನು ನಿಧಾನಕ್ಕೆ ಸುರಿಯಿರಿ. ಎಲ್ಲ ನೀರೂ ಹೊರಮೈಯಲ್ಲಿ ಇಳಿಯಬೇಕು. ಅರ್ಧ ಲೋಟ ಲೆಕ್ಕಕ್ಕೆ ಸಿಗದಿದ್ದರೆ ಅದು ನಡುತೊಲೆಯೊಳಗೆ ಹೋಗಿದೆ. ಬಿಚ್ಚಿ ಮತ್ತೆ ಕೂರಿಸಿ. ನೆಲಹಾಸು, ಸದ್ದು ತಡೆಯುವ ಹೊದಿಕೆಗಳನ್ನು ಮರಕ್ಕೆ ಒತ್ತಿ ತುರುಕದೆ ಒಂದು ಬೆರಳು ಗಾಳಿ ಬಿಡಿ.

ಈಗ ಮಾರ್ಪಾಟು. ಎಲ್ಲರ ಕಣ್ಣೂ ಮೊದಲು ಎಂಜಿನ್ ಮೇಲೆ. ಆದರೆ ಮೊದಲು ಹೋಗಬೇಕಾದ್ದು ಮುಂದಿನ ಚಕ್ರಗಳ ಕಡೆಗೆ. ಕೆಳಗಿನ ಟ್ರನಿಯನ್ ಎಂಬ, ಸ್ಕ್ರೂವಿನಂತೆ ಸುತ್ತು ಮರೆಯುಳ್ಳ ಕೀಲು ಒಣಗಿದರೆ ಮರೆ ಸವೆದು, ಒಂದು ದಿನ ಕಳಚಿ, ಚಕ್ರ ಮಡಚಿಕೊಂಡು ಮೈ ನೆಲಕ್ಕೆ ಬೀಳುತ್ತದೆ. ಪ್ರತಿ 1,000 ಮೈಲಿಗೆ ಗ್ರೀಸ್ ಹೊಡೆಯಿರಿ, ಹಳೆ ಗ್ರೀಸ್ ಹೊರಬರುವ ತನಕ. ಆಮೇಲೆ ಬ್ರೇಕ್: 948ರ 7 ಇಂಚಿನ ಮುಂದಿನ ಡ್ರಮ್‌ಗಳ ಬದಲು 1098ರ 8 ಇಂಚಿನವು ಸರಾಗ ಕೂರುತ್ತವೆ, ಸಾಧಾರಣ ಎಂಜಿನ್‌ಗೆ ಅಷ್ಟು ಸಾಕು. ಎಂಜಿನ್ ದೊಡ್ಡದಾಗುವುದಾದರೆ ಡಿಸ್ಕ್ ಹಾಕಿ. ಡಿಸ್ಕ್ ಹಾಕಿದಾಗ ಮಾಸ್ಟರ್ ಸಿಲಿಂಡರ್‌ನಲ್ಲಿ ಡ್ರಮ್‌ಗಾಗಿ ಇರುವ, ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ತೆಗೆಯಲು ಮರೆತರೆ ಪ್ಯಾಡ್‌ಗಳು ಉಜ್ಜುತ್ತಲೇ ಇದ್ದು ಬಿಸಿಯಾಗುತ್ತವೆ. ಆ ಸಿಲಿಂಡರ್ ಇರುವುದು ಚಾಲಕರ ಕಾಲ ಕೆಳಗಿನ ಚಾಸಿಸ್ ಕಾಲಿನೊಳಗೆ, ತೆಗೆಯಲು ಟಾರ್ಷನ್ ಬಾರ್ ಅಡ್ಡ. ಬೆಸುಗೆ ನಡೆಯುವಾಗಲೇ ಅದನ್ನು ಹೊಸದು ಮಾಡಿಬಿಡಿ.

ಎಂಜಿನ್‌ಗೆ ಸಹಜ ಆಯ್ಕೆ ಮೈನರ್‌ನ ಮೂಲ ಎಂಜಿನ್‌ಗಳದೇ ಆದ ಎ-ಸೀರೀಸ್ ಕುಟುಂಬದ 1275 ಸಿಸಿ. ಎಂಜಿ ಮಿಜೆಟ್ ಕಾರಿನದು ಕಡಿಮೆ ತಕರಾರಿನಲ್ಲಿ ಕೂರುತ್ತದೆ; ಮಾರಿಸ್ ಮರೀನಾ ಕಾರಿನದಕ್ಕೆ ಮೈನರ್‌ನ ಮುಂದಿನ ಪ್ಲೇಟ್, ಸಂಪ್ ಹೊಂದಿಸಬೇಕು. ಕಾರ್ಬ್ಯುರೇಟರ್ ಒಂದೂವರೆ ಇಂಚಿನ ಎಸ್‌ಯು ಎಚ್‌ಎಸ್‌4. ಗೇರ್‌ಬಾಕ್ಸ್ 948ರದ್ದಾದರೆ ಈ ಬಲ ತಾಳಲಾರದು, 1098ರದ್ದು ಗಟ್ಟಿ. ಐದು ಗೇರ್ ಬೇಕೆಂದರೆ ಫೋರ್ಡ್ ಟೈಪ್ 9: ಬೆಲ್‌ಹೌಸಿಂಗ್ ಅಡಾಪ್ಟರ್, ಗೇರ್‌ಬಾಕ್ಸ್ ಆಧಾರ, ಉದ್ದ ಬದಲಿಸಿದ ಪ್ರೊಪೆಲರ್ ಶಾಫ್ಟ್, ಸುರಂಗದಲ್ಲಿ ಸ್ವಲ್ಪ ಕೊಯ್ತ. ಅದರ ಐದನೆಯ ಗೇರ್‌ನ ಅನುಪಾತ 0.82. 1098ರ 4.22 ಅನುಪಾತದ ಹಿಂದಿನ ಆಕ್ಸಲ್‌ನೊಂದಿಗೆ ಗಂಟೆಗೆ 60 ಮೈಲಿಯಲ್ಲಿ ಎಂಜಿನ್ ಸುಮಾರು 3,900 ಸುತ್ತಿನಿಂದ 3,200ಕ್ಕೆ ಇಳಿಯುತ್ತದೆ. ಮರದ ಪೆಟ್ಟಿಗೆಯೊಳಗೆ ಸದ್ದು ಗುಂಯ್‌ಗುಡುವ ಈ ಕಾರಿಗೆ ನಾನು ಸೂಚಿಸುವ ಒಂದೇ ಒಂದು ದೊಡ್ಡ ಮಾರ್ಪಾಟು ಇದು. ಸಿಲಿಂಡರ್ ಹೆಡ್ ಬಿಚ್ಚಿದಾಗ ಸೀಸವಿಲ್ಲದ ಪೆಟ್ರೋಲಿಗೆ ತಕ್ಕ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಿ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ 10 ಶೇಕಡಾವರೆಗೆ ಎಥನಾಲ್ ಸೇರಿದ್ದು. ಹಳೆ ರಬ್ಬರ್ ಕೊಳವೆ ಅದಕ್ಕೆ ತಡೆಯುವುದಿಲ್ಲ, ಬದಲಿಸಿ, ಇ5 ಸಿಗುವ ಕಡೆ ಅದನ್ನೇ ಹಾಕಿ.

ದಾಖಲೆಯ ವಿಚಾರ. 40 ವರ್ಷ ದಾಟಿದ ಕಾರಿಗೆ ಎಂಒಟಿ ವಿನಾಯಿತಿ ಇರುವುದು ಕಳೆದ 30 ವರ್ಷದಲ್ಲಿ ಗಣನೀಯ ಬದಲಾವಣೆ ಆಗದಿದ್ದರೆ ಮಾತ್ರ. ಅದೇ ಮೂಲ ಎಂಜಿನ್‌ನ ಬೇರೆ ಸಿಸಿ ಗಣನೀಯ ಅಲ್ಲ, ಹಾಗಾಗಿ 1275ರಿಂದ ತೊಂದರೆಯಿಲ್ಲ. ಸಸ್ಪೆನ್ಷನ್ ಅಥವಾ ಸ್ಟಿಯರಿಂಗ್‌ನ ಬಗೆಯನ್ನೇ ಬದಲಿಸಿದರೆ ಆ ವಿನಾಯಿತಿ ಹೋಗಬಹುದು. ಹೊಸ ಎಂಜಿನ್ ಸಂಖ್ಯೆ, ಸಾಮರ್ಥ್ಯವನ್ನು ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೂ ವಿಮೆಯವರಿಗೂ ತಿಳಿಸಿ. ವಿನಾಯಿತಿ ಇದ್ದರೂ ಮರ ಬದಲಿಸಿದ ವರ್ಷ ಒಮ್ಮೆ ಎಂಒಟಿ ಮಾಡಿಸುವುದು ಒಳ್ಳೆಯದು. ಬೇರೆಯವರ ಕಣ್ಣು ಕೆಳಗಿನಿಂದ ನೋಡುವುದು ಬೇರೆ.

ವಿದ್ಯುತ್ತಿನಲ್ಲಿ ಟ್ರಾವೆಲರ್‌ಗೇ ವಿಶೇಷವಾದ ಒಂದು ತೊಡಕಿದೆ. ಮರ ವಿದ್ಯುತ್ತನ್ನು ಹಿಂತಿರುಗಿಸುವುದಿಲ್ಲ, ಆದ್ದರಿಂದ ಹಿಂದಿನ ದೀಪಗಳಿಗೆ ಉಕ್ಕಿನ ನೆಲದವರೆಗೆ ಪ್ರತ್ಯೇಕ ಅರ್ತ್ ವೈರ್ ಇರಲೇಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಮಿನುಗಿದರೆ ಕಾರಣ ಅಲ್ಲೇ ಹುಡುಕಿ. ಆಲ್ಟರ್ನೇಟರ್ ಹಾಕುವುದಾದರೆ ಕಾರು ಪಾಸಿಟಿವ್ ಅರ್ತ್‌ನಿಂದ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುವುದರಿಂದ) ನೆಗೆಟಿವ್‌ಗೆ ಬದಲಾಗಬೇಕು: ಬ್ಯಾಟರಿ ತಿರುಗಿಸಿ, ಕಾಯಿಲ್‌ನ ಎರಡು ವೈರ್ ಅದಲುಬದಲು ಮಾಡಿ. ಪೆಟ್ರೋಲ್ ಪಂಪ್‌ನೊಳಗೆ ಡಯೋಡ್ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ, ತಿರುಗಿಸಿದರೆ ಸುಡುತ್ತದೆ.

ಹಿಂದಿನ ಸೀಟಿಗೆ ಬೆಲ್ಟ್ ಹಾಕುವವರು ಮರದ ಕಂಬಕ್ಕಷ್ಟೇ ಬೋಲ್ಟ್ ಬಿಗಿದು ಬಿಡಬಾರದು. ನೆಲ, ವೀಲ್ ಆರ್ಚ್‌ನ ಉಕ್ಕಿಗೆ, ಹಿಂದೆ ಬಲಪಡಿಸುವ ಪ್ಲೇಟ್ ಬೆಸೆದು, 7/16 ಇಂಚಿನ, ಸಣ್ಣ ಮರೆಯ ಯುಎನ್‌ಎಫ್ ಬೋಲ್ಟ್ ಹಾಕಿ. ಚಾವಣಿಯ ಮೇಲೆ ಸಾಮಾನಿನ ಕ್ಯಾರಿಯರ್ ಹಾಕಿದರೆ ಅದರ ಭಾರವೆಲ್ಲ ಮೇಲ್ತೊಲೆಯ ಮೇಲೆ ಎಂಬುದೂ ನೆನಪಿರಲಿ.

ಆಮೇಲೆ ವರ್ಷಕ್ಕೆ ಎರಡು ಸಲದ ಆರೈಕೆ. ಎಲೆ ಉದುರಿದ ಮೇಲೆ ಕಿಟಕಿಯ ಓಣಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಶುಚಿ ಮಾಡಿ ತೂತುಗಳಲ್ಲಿ ತಂತಿ ಆಡಿಸಿ. ಬೇಸಿಗೆಯ ಆರಂಭದಲ್ಲಿ ಮರ ತೊಳೆದು, ಒಣಗಿಸಿ, 320ರಿಂದ ಹಗುರವಾಗಿ ಉಜ್ಜಿ, ಅಂಚು ಮತ್ತು ಸೇರುವೆಗಳಿಗೆ ಎರಡು ಪದರ, ಉಳಿದೆಡೆ ಒಂದು. ವಾರ್ನಿಶ್ ಎಲ್ಲಾದರೂ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಡಿ ತೇವ ಸೇರಿದೆ. ಅದರ ಮೇಲೆಯೇ ಬಳಿಯದೆ ಅಷ್ಟು ಜಾಗ ಮರದವರೆಗೆ ಕೆರೆದು, ತೇವಮಾಪಕ 15ಕ್ಕಿಂತ ಕೆಳಗೆ ತೋರಿಸುವ ತನಕ ಕಾದು, ಮೊದಲ ತೆಳು ಪದರದಿಂದ ಮತ್ತೆ ಶುರುಮಾಡಿ. ಪ್ಲಾಸ್ಟಿಕ್ ತಾಡಪಾಲು ಹೊದಿಸಬೇಡಿ, ಒಳಗೆ ಬೆವರು ನಿಂತು ಬಯಲಲ್ಲಿ ನಿಂತದ್ದಕ್ಕಿಂತ ಬೇಗ ಕುಂಬಾಗುತ್ತದೆ. ಮೂರು ಗೋಡೆಯ, ಗಾಳಿ ಓಡಾಡುವ ಸೂರು ಸಾಕು.